ಪಾರಣೆಯ ಬಟ್ಟಲು

ಮೊನ್ನೆ ಸ್ಟೂಲ್ ಹತ್ತಿ ಅಡುಗೆಮನೆಯ ಎಲ್ಲಕ್ಕಿಂತ ಮೇಲಿನ ಹಲಗೆಯಿಂದ ಸ್ಟೀಲಿನ ಡಬ್ಬಿಯೊಂದನ್ನು ಇಳಿಸಿದೆ. ಮುಚ್ಚಳ ಬಿಗಿದುಕೊಂಡಿತ್ತು, ಚಮಚದ ಹಿಡಿಯಿಂದ ಮೀಟಿ ತೆಗೆಯಬೇಕಾಯಿತು. ಒಳಗೆ ಒಣದ್ರಾಕ್ಷಿ. ಅಥಣಿ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತೋಟದ್ದೆಂದು ಅಭಿಮಾನದಿಂದ ತಂದುಕೊಟ್ಟದ್ದು. ಕಾಳುಗಳೆಲ್ಲ ಒಂದಕ್ಕೊಂದು ಅಂಟಿ ಬೆಲ್ಲದ ಮುದ್ದೆಯಂತಾಗಿದ್ದವು. ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಬಂತು… ಸಿಹಿ, ಸ್ವಲ್ಪ ಹುಳಿ, ಅದರ ಹಿಂದೆ ಒಣಗಿಸುವಾಗ ಹಾಕಿದ ಗಂಧಕದ ತೆಳು ಘಾಟು.

ಸ್ಟೂಲಿನ ಮೇಲೆಯೇ ಕೂತುಬಿಟ್ಟೆ. ಶೇಡಬಾಳಕ್ಕೂ ಐನಾಪುರಕ್ಕೂ ನಡುವಿನ ನಮ್ಮ ಊರು, ಊರಿನ ನಮ್ಮ ಓಣಿ, ಓಣಿಯ ತುದಿಯ ದೊಡ್ಡ ಮನೆ, ಆ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತ ಆಯಿ, ಆಯಿಯ ತೊಡೆಗೆ ಮೂತಿ ಇಟ್ಟು ಮಲಗಿದ ಮೋತಿ. ಎಲ್ಲ ಒಟ್ಟಿಗೇ ಬಂದವು.

ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಈ ಆಯಿ ನನಗೆ ರಕ್ತಸಂಬಂಧಿಯಲ್ಲ. ಜೈನರ ಮನೆ, ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನೆತನ. ಅವರ ಹಿತ್ತಲಿನ ಗೋಡೆಗೆ ಹತ್ತಿಕೊಂಡು ನಮ್ಮ ಎರಡು ಖೋಲಿಯ ಮನೆ. ಅಪ್ಪ ಅವರ ತೋಟಕ್ಕೆ ನೀರು ಹಾಯಿಸುತ್ತಿದ್ದ. ಅವ್ವ ಬೇಸಿಗೆಯಲ್ಲಿ ಅವರ ಶೆಡ್ಡಿಗೆ ಹೋಗಿ, ಬಲೆಯ ಮೇಲೆ ಒಣಗಿದ ಮಣೂಕವನ್ನು ಕಡ್ಡಿ, ಕಪ್ಪು ಕಾಳು ತೆಗೆದು ಆರಿಸುತ್ತಿದ್ದಳು. ಒಣದ್ರಾಕ್ಷಿಗೆ ನಮ್ಮಲ್ಲಿ ಮಣೂಕ ಎಂದೇ ಹೆಸರು. ಸಂಜೆ ಮನೆಗೆ ಬಂದರೆ ಅವ್ವನ ಸೆರಗಿಗೆಲ್ಲ ಅದೇ ವಾಸನೆ.

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ನಿವೃತ್ತಿಯಾಗುವತನಕ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದೆ. ಅದರ ಹಿಂದೆ ಅಥಣಿಯ ಬಸ್ಸಿನಲ್ಲಿ ನಿಂತೇ ಕಳೆದ ವರ್ಷಗಳಿವೆ, ಒಂದೇ ಜೋಡಿ ಚಪ್ಪಲಿಗೆ ಮೂರು ಸಲ ಉಂಗುಷ್ಟ ಹಾಕಿಸಿದ್ದಿದೆ. ಎಲ್ಲಕ್ಕಿಂತ ಮೊದಲು ಆಯಿಯ ಪಡಸಾಲೆ ಇದೆ.

ಹತ್ತನೆಯ ಇಯತ್ತೆ ಮುಗಿದಾಗ ಅಕ್ಕೋಳದ ಕಡೆಯಿಂದ ನನಗೊಂದು ಸಂಬಂಧ ಬಂದಿತ್ತು. ಅಪ್ಪ ಅರ್ಧ ಒಪ್ಪಿಯೂ ಇದ್ದ. ಸುದ್ದಿ ಗೋಡೆ ದಾಟಿ ಆಯಿಯ ಕಿವಿಗೆ ಬಿತ್ತು. ಅಪ್ಪನನ್ನು ಕರೆಸಿ ಕಟ್ಟೆಯ ಕೆಳಗೆ ನಿಲ್ಲಿಸಿಕೊಂಡು ಕೇಳಿದರು.

"ಯಾಕೋ, ಲಗ್ನ ಎಲ್ಲಿ ಓಡಿ ಹೋಗ್ತೈತಿ? ವರಾ ಏನ್ ಕಡೇ ಬಸ್ಸ ಏನು, ತಪ್ಪಿದ್ರ ಮತ್ತ ಸಿಗೂದಿಲ್ಲ ಅನ್ನಾಕ? ಹುಡಿಗಿದು ಕಾಲೇಜಿಗೆ ಹೆಸರ ಹಚ್ಚು."

"ಮನ್ಯಾಗ ಓದಾಕ ಜಾಗಾ ಎಲ್ಲೈತ್ರಿ ಆಯಿ…"

"ನನ್ನ ಪಡಸಾಲಿ ಏನ್ ಬಾಡಿಗಿಗೆ ಕೊಟ್ಟೀನೇನು? ಇಲ್ಲಿ ಬಂದು ಓದಲಿ. ನನ್ನ ಕಣ್ಣಿಗೆ ಪೊರಿ ಬಂದಾವ, ನನಗೂ ಎರಡ ಅಕ್ಷರ ಓದಿ ಹೇಳ್ತಾಳ."

ಅಂದಿನಿಂದ ಆ ಪಡಸಾಲೆಯ ಮೂಲೆ ನನ್ನದಾಯಿತು. ಹೊತ್ತು ಮುಳುಗುವ ಮೊದಲೇ ಆಯಿಯ ಊಟ ಮುಗಿದಿರುತ್ತಿತ್ತು. ಬಲ್ಬು ಹಾಕಿ ನನ್ನ ಎದುರು ಕೂರುತ್ತಿದ್ದರು. ನಾನು ಅರ್ಧ ಗಂಟೆ ಅವರಿಗೆ ಪುರಾಣ ಓದಬೇಕು, ಆಮೇಲೆ ನನ್ನ ಪುಸ್ತಕ.

ಆಯಿ ಕಲಿತದ್ದು ನಾಲ್ಕನೆಯ ಇಯತ್ತೆ. ಆದರೆ ಯಾವುದು ಯಾವ ಜೀವಕ್ಕೆ ಆಗಿಬರುವುದಿಲ್ಲ ಎಂಬುದರಲ್ಲಿ ಓಣಿಯೆಲ್ಲ ಅವರನ್ನೇ ಕೇಳುತ್ತಿತ್ತು. ಅವರ ಅಂಗಳದಲ್ಲಿ ಬಸದಿಯ ಹೂವಿಗೆಂದು ಕಣಗಿಲೆ ಗಿಡವಿತ್ತು. ಹೂ ಬಿಡಿಸಿದ ಮೇಲೆ ಬಿದ್ದ ಒಂದೊಂದು ಎಲೆಯನ್ನೂ ಆರಿಸಿ ಮುಚ್ಚಳದ ಬುಟ್ಟಿಗೆ ಹಾಕಿ ಮಣ್ಣಿನಲ್ಲಿ ಹುಗಿಸುತ್ತಿದ್ದರು. "ದೇವರಿಗೆ ಹೂವ, ಆಕಳಿಗೆ ಇಸ. ಒಂದ್ ಹಿಡಿ ತೊಪ್ಪಲಾ ತಿಂದ್ರ ಮುಗೀತು," ಅನ್ನುತ್ತಿದ್ದರು. ಮಳೆ ತಪ್ಪಿ ಬಾಡಿದ ಎಳೆಯ ಜೋಳವನ್ನು ದನಕ್ಕೆ ಹಾಕಬೇಡಿ ಎಂದು ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಹೇಳುವರು. ಔಡಲ ಬೀಜ ಒಣಹಾಕಿದ ಕಡೆ ಅವ್ವನ ಕೋಳಿ ಹೋದರೆ, ಅವ್ವನಿಗಿಂತ ಮೊದಲು ಆಯಿಯೇ ಕೋಲು ಹಿಡಿದು ಓಡುವರು. ನಿಪ್ಪಾಣಿಯಿಂದ ಬಂದ ಬೀಗರು ತಂಬಾಕಿನ ಚೀಲವನ್ನು ಕಟ್ಟೆಯ ಮೇಲೆ ಮರೆತರೆ, "ಆಡಿನ ಮರಿ ಬಾಯಿ ಹಾಕ್ತಾವ್ರಿ" ಎಂದು ತೆಗೆದು ಗಿಳಿಗೂಟಕ್ಕೆ ಸಿಕ್ಕಿಸುವರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಜೀವ ಅದು. ಸೋಸಿದ ಬಟ್ಟೆಯನ್ನೂ ಮತ್ತೆ ಬಾವಿಯ ನೀರಿನಲ್ಲೇ ಅದ್ದಿ, ಅದರಲ್ಲಿ ಸಿಕ್ಕಿದ ಹುಳುವನ್ನು ಬಿಟ್ಟು ಬರುವರು.

ಮೋತಿ ಒಂದು ಮಳೆಗಾಲದಲ್ಲಿ ಅವರ ಕಟ್ಟೆಯ ಕೆಳಗೆ ಬಂದು ಸೇರಿದ ಮರಿ. ಕಂದು ಮೈ, ಮುಂದಿನ ಒಂದು ಕಾಲು ಮಾತ್ರ ಬಿಳಿ, ಒಂದೇ ಕಾಲಿಗೆ ಕಾಲುಚೀಲ ಹಾಕಿದ ಹಾಗೆ. ಮನೆಯವರು ತಿಂದದ್ದೇ ಅದಕ್ಕೂ. ಹಾಲಿನಲ್ಲಿ ಮುರಿದ ರೊಟ್ಟಿ, ಬೇಳೆ, ಅನ್ನ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ಅದರ ತಾಟಿಗೂ ಹೊತ್ತು ಮುಳುಗುವುದರೊಳಗೇ ಊಟ ಬೀಳುತ್ತಿತ್ತು. ಓಣಿಯ ಗಂಡಸರು ನಗುತ್ತಿದ್ದರು, "ನಮ್ಮ ನಾಯಿ ಕಳ್ಳನ್ನ ನೋಡಿ ಒದರ್ತೈತಿ, ಆಯಿ ನಾಯಿ ಹೊತ್ತು ನೋಡಿ ಉಣ್ತೈತಿ!"

ಆದರೆ ನಾಯಿ ನಾಯಿಯೇ. ನಾನು ಬಿ.ಎ. ಕೊನೆಯ ವರ್ಷಕ್ಕೆ ಕಾಲಿಟ್ಟಾಗ, ಶ್ರಾವಣ ಕಳೆಯುವ ಹೊತ್ತಿಗೆ, ಅವ್ವನ ಮೊಟ್ಟೆಯ ಕೋಳಿ ಒಂದು ಮುಂಜಾನೆ ಮಾಯವಾಯಿತು. ಹಿತ್ತಲಿನಲ್ಲಿ ಗರಿಗಳಿದ್ದವು. ಮೋತಿಯ ಮೂತಿಗೂ ಒಂದು ಗರಿ ಅಂಟಿತ್ತು. ನಳದ ಹತ್ತಿರ ಹತ್ತು ಹೆಂಗಸರ ನಡುವೆ ಅವ್ವ ಆಯಿಯನ್ನು ಹಿಡಿದಳು.

"ಆಯಿ, ನಿಮ್ಮ ನಾಯಿ ನಿಮ್ಮನ್ಯಾಗ ಉಪಾಸ ಮಾಡ್ತೈತಿ, ನಮ್ಮನ್ಯಾಗ ಪಾರಣಿ ಮಾಡ್ತೈತಿ ನೋಡ್ರಿ!"

ಹೆಂಗಸರೆಲ್ಲ ಕೊಡ ಬಿಟ್ಟು ನಕ್ಕರು. ಆಯಿಯೂ ನಕ್ಕರು. "ನಮ್ಮ ಮೋತಿ ಹಂಗ ಮಾಡೂದಿಲ್ಲವಾ, ಬೆಕ್ಕ ಇರಬೇಕು ನೋಡ," ಅಂದರು. ಅವ್ವನ ಸಿಟ್ಟು ಅಲ್ಲಿಗೇ ಇಳಿದಿದ್ದರೆ ಚೆನ್ನಾಗಿತ್ತು. ಇಳಿಯಲಿಲ್ಲ. "ಬೆಕ್ಕೋ ನಾಯಿನೋ, ಇನ್ನೊಂದ್ಸಲ ನನ್ನ ಹಿತ್ತಲದಾಗ ಕಾಲ ಇಡ್ಲಿ, ರೊಟ್ಟ್ಯಾಗ ಔಷಧ ಇಟ್ಟ ಹಾಕಲಿಲ್ಲಂದ್ರ ನಾ ನಮ್ಮಪ್ಪನ ಮಗಳ ಅಲ್ಲ," ಅಂದಳು.

ಇಂಥ ಮಾತು ನಮ್ಮ ಓಣಿಯಲ್ಲಿ ದಿನಕ್ಕೆ ಹತ್ತು ಬಾರಿ ಹಾರುತ್ತಿತ್ತು. ಯಾರೂ ಅದನ್ನು ಕೊಡದ ಜೊತೆ ಹೊತ್ತು ಮನೆಗೆ ಒಯ್ಯುತ್ತಿರಲಿಲ್ಲ.

ಭಾದ್ರಪದ ಬಂತು. ಜೈನರಿಗೆ ಅದು ದಶಲಕ್ಷಣ ಪರ್ವದ ತಿಂಗಳು. ಆಯಿ ಹತ್ತು ದಿನ ಒಂದೇ ಹೊತ್ತು ಉಣ್ಣುತ್ತಿದ್ದರು. ಕೊನೆಯ ದಿನ, ಅನಂತ ಚತುರ್ದಶಿಗೆ, ನೀರನ್ನೂ ಮುಟ್ಟುತ್ತಿರಲಿಲ್ಲ. ಆಯಿಯ ಕೈಯಿಂದಲ್ಲದೆ ಮೋತಿ ಉಣ್ಣುತ್ತಿರಲಿಲ್ಲವಾದ್ದರಿಂದ ಅಂದು ಅದಕ್ಕೂ ಉಪವಾಸ. ಮರುದಿನ ಮುಂಜಾನೆ ಪಾರಣೆ, ಉಪವಾಸ ಬಿಡುವುದು. ನೆನೆಸಿದ ಮಣೂಕ, ಅದರ ನೀರು, ಹೆಸರುಬೇಳೆಯ ತಿಳಿ, ಇಷ್ಟರಿಂದ ಆಯಿ ಉಪವಾಸ ಬಿಡುತ್ತಿದ್ದರು. ಬಿಡುವ ಮೊದಲು ನಾಲ್ಕು ಮಣೂಕವನ್ನು ಅಂಗೈಯಲ್ಲಿ ಇಟ್ಟುಕೊಂಡು ಮೋತಿಗೆ ಹಿಡಿಯುವರು. ಇದು ಶಾಸ್ತ್ರದಲ್ಲಿ ಇತ್ತೋ ಆಯಿಯದೇ ಪದ್ಧತಿಯೋ ನನಗೆ ತಿಳಿಯದು. "ಮೂಕ ಜೀವದ ಹಸಿವಿ ಮೊದಲ. ನಮ್ಮದು ಬಾಯಿ ಇದ್ದ ಹಸಿವಿ," ಅನ್ನುತ್ತಿದ್ದರು.

ಆ ವರ್ಷ ಆಯಿಯ ಸೊಸೆ ಬಸದಿಯ ಕೆಲಸದಲ್ಲಿದ್ದಳು. ಮಣೂಕ ನೆನೆಸುವ ಕೆಲಸ ನನಗೆ ಬಂತು. ಆಯಿ ಒಂದು ಹಿಡಿ ಅಂದಿದ್ದರು. ಆ ಸಲದ ಮಾಲು ಬಹಳ ಚೆನ್ನಾಗಿತ್ತು, ಜೇನಿನ ಬಣ್ಣ, ಉದ್ದನೆಯ ಕಾಳು, ಅವ್ವನೇ ಆರಿಸಿದ್ದು. ನಾನು ಮೂರು ಹಿಡಿ ಹಾಕಿದೆ. ಬೆಳಗಾಗುವುದರೊಳಗೆ ಹಿತ್ತಾಳೆಯ ಬಟ್ಟಲು ತುಂಬ ಉಬ್ಬಿ ಕೂತಿದ್ದವು.

ಆಯಿ ಅಂಗೈಯಲ್ಲಿ ಹಿಡಿದದ್ದನ್ನು ಮೋತಿ ಒಂದೇ ನಾಲಿಗೆಗೆ ತೆಗೆದುಕೊಂಡಿತು. ಆಯಿ ಎರಡು ಗುಟುಕು ನೀರು ಕುಡಿದರು, ಐದಾರು ಕಾಳು ತಿಂದರು. ಬಡವಾಗಿದ್ದ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು. ಬಟ್ಟಲನ್ನು ನನ್ನ ಕಡೆ ತಳ್ಳಿ ಅಂದರು, "ನನಗ ಇಷ್ಟ ಸಾಕು. ಉಳದದ್ದ ಅದಕ್ಕ ಹಾಕವಾ. ಪಾಪ, ನಿನ್ನಿಂದ ನನ್ನ ಸಂಗಾಟ ಹಸದೈತಿ."

ನಾನು ಸುರಿದೆ. ಮೋತಿ ತಾಟನ್ನು ನೆಕ್ಕಿ ಸ್ವಚ್ಛ ಮಾಡಿತು. ಆಯಿ ಅದರ ತಲೆಯ ಮೇಲೆ ಕೈ ಇಟ್ಟು ಕೂತಿದ್ದರು… ಆ ಬೆಳಗಿನ ಬಿಸಿಲು ನನಗೆ ಈಗಲೂ ಕಾಣುತ್ತದೆ.

ಅಂದೇ ಸಂಜೆ ಮೋತಿ ವಾಂತಿ ಮಾಡಿತು. ನಾಯಿ ಹುಲ್ಲು ತಿಂದು ಕಾರುವುದುಂಟು, ಯಾರೂ ಲಕ್ಷ್ಯ ಕೊಡಲಿಲ್ಲ. ಮರುದಿನ ಕ್ಷಮಾವಣಿ. ವರ್ಷದ ತಪ್ಪಿಗೆಲ್ಲ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ. ಬೇರೆಯವರು ತಮ್ಮವರಲ್ಲಿ ಕೇಳಿ ಮುಗಿಸುತ್ತಿದ್ದರು, ಆಯಿ ಓಣಿಯ ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. ನಮ್ಮ ಬಾಗಿಲಿಗೂ ಬಂದು ಅವ್ವನ ಎದುರು ಕೈ ಮುಗಿದರು.

"ತಿಳದೋ ತಿಳೀದನೋ ನಿನ್ನ ಮನಸಿಗೆ ನೋವ ಮಾಡಿದ್ರ ಕ್ಷಮಾ ಮಾಡವಾ."

ಅವ್ವನ ಕೈಯಲ್ಲಿ ಹಿಟ್ಟಿತ್ತು. ಅದರಲ್ಲೇ ಕೈ ಮುಗಿದು ನಕ್ಕಳು. "ನಿಮ್ಮನ್ನ ಮಾಡೀನ್ರಿ ಆಯಿ. ಆದ್ರ ನಿಮ್ಮ ನಾಯಿನ್ನ ಮಾತ್ರ ಮಾಡೂದಿಲ್ಲ ನೋಡ್ರಿ, ನನ್ನ ಕೋಳಿ ತಿಂದೈತಿ!"

ಪಕ್ಕದ ಮನೆಯವರು ಇದನ್ನೂ ಕೇಳಿಸಿಕೊಂಡರು.

ಮೂರನೆಯ ದಿನ ಮೋತಿ ನೀರು ಕುಡಿಯುವುದು, ಕಾರುವುದು, ಮತ್ತೆ ಕುಡಿಯುವುದು. ಆಮೇಲೆ ಕುಡಿಯುವುದನ್ನೂ ಬಿಟ್ಟಿತು. ಕಂಬದ ಹತ್ತಿರ ಹೋಗಿ ಬಿಳಿಯ ಕಾಲು ಊರಿ, ಹಿಂದಿನ ಕಾಲೆತ್ತಿ ಎಷ್ಟೋ ಹೊತ್ತು ನಿಲ್ಲುತ್ತಿತ್ತು. ಒಂದು ಹನಿಯೂ ಇಲ್ಲ. ಮತ್ತೆ ಬಂದು ಬೀಳುತ್ತಿತ್ತು. ದನದ ದವಾಖಾನೆಯ ಕಂಪೌಂಡರು ಸೈಕಲ್ಲಿನ ಮೇಲೆ ಬಂದು, ಕಣ್ಣು ಬಿಡಿಸಿ ನೋಡಿ, ಸೂಜಿ ಮಾಡಿ, ಕೈ ತೊಳೆಯುತ್ತ ಒಂದು ಮಾತು ಹೇಳಿದರು.

"ಯಾರೋ ಏನೋ ಹಾಕ್ಯಾರ್ರಿ ಆಯಿ. ಇದು ಇಸಾನಽ ಐತಿ."

ಐದನೆಯ ದಿನ ಬೆಳಿಗ್ಗೆ ಮೋತಿ ಆಯಿಯ ತೊಡೆಯ ಮೇಲೆ ಹೋಯಿತು. ಕಣಗಿಲೆಯ ಗಿಡದಿಂದ ದೂರ, ಬೇವಿನ ಬುಡದಲ್ಲಿ ಮಣ್ಣು ಮಾಡಿದರು. ಗುಂಡಿ ತೋಡಿದವನು ಅಪ್ಪ.

ಯಾರೂ ನಮ್ಮ ಮನೆಗೆ ಬಂದು ಏನೂ ಕೇಳಲಿಲ್ಲ. ಕೇಳಿದ್ದರೆ ಅವ್ವ ಉತ್ತರ ಕೊಡುತ್ತಿದ್ದಳು, ಜಗಳವಾದರೂ ಆಡುತ್ತಿದ್ದಳು. ನಳದ ಹತ್ತಿರ ಅವ್ವ ಹೋದರೆ ಕೊಡಗಳು ಸ್ವಲ್ಪ ಆಚೆ ಸರಿಯುತ್ತಿದ್ದವು, ಅಷ್ಟೇ. ನಳದ ಮಾತು ಒಂದು, ಕ್ಷಮಾವಣಿಯ ದಿನದ ಮಾತು ಒಂದು, ಕಂಪೌಂಡರ ಮಾತು ಒಂದು. ಮೂರನ್ನೂ ಕೂಡಿಸಲು ಓಣಿಗೆ ಯಾವ ಶಾಲೆಯೂ ಬೇಕಿರಲಿಲ್ಲ. ಆಯಿಯ ಮಗ ಅಪ್ಪನನ್ನು ಕರೆದು, ಮುಂದಿನ ಸಲದಿಂದ ಅವ್ವನನ್ನು ಶೆಡ್ಡಿಗೆ ಕಳಿಸುವುದು ಬೇಡ ಎಂದರು. "ತಿನ್ನೂ ಜಿನಸ ನೋಡು. ಕೈ ನಂಬಿಗಿ ಇರಬೇಕು," ಎಂದರಂತೆ.

ಅವ್ವ ಅಂದು ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಪಕ್ಕ ಪುಸ್ತಕ ತೆರೆದುಕೊಂಡು ಕೂತಿದ್ದೆ. ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ಊರ ಅಂತೈತಿ, ಅನ್ಲಿ. ನೀನೂ ಹಂಗಽ ಅಂತಿಯೇನಬೇ?"

"ನಾ ಏನ ಅಂದೆ ಈಗ?" ಎಂದೆ.

ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಾಯಿತು. ನಿಜ ಹೇಳಬೇಕೆಂದರೆ ನಾನೂ ಅವಳ ಮೇಲೆ ಸಂಶಯಪಟ್ಟಿದ್ದೆ. ಅವ್ವನ ಸಿಟ್ಟನ್ನು ಹತ್ತಿರದಿಂದ ಕಂಡವಳು ನಾನು. ಇಲಿಗೆಂದು ತಂದ ಔಷಧದ ಪುಡಿಕೆ ನಮ್ಮ ಮನೆಯ ಮಾಡಿನಲ್ಲಿ ಇದ್ದದ್ದೂ ನಿಜ. ಕದ್ದು ಅದನ್ನು ತೆಗೆದು ನೋಡಿದ್ದೆ. ಕಟ್ಟಿದ ದಾರ ಬಿಚ್ಚಿರಲಿಲ್ಲ. ಆದರೂ… ಬೇರೆ ಪುಡಿಕೆ ಇದ್ದಿರಬಹುದು ಎಂದುಕೊಂಡೆ. ಮನಸ್ಸು ಒಮ್ಮೆ ಒಂದು ಕಡೆ ವಾಲಿದರೆ ಬಿಚ್ಚದ ದಾರವೂ ಸಾಕ್ಷಿಯಾಗುವುದಿಲ್ಲ.

"ಇನ್ನ ಅವರ ಕಟ್ಟಿ ಹತ್ತಬ್ಯಾಡ," ಅಂದಳು ಅವ್ವ.

ಎರಡು ದಿನ ಹತ್ತಲಿಲ್ಲ. ಮೂರನೆಯ ದಿನ ಹತ್ತಿದೆ. ಕೊನೆಯ ವರ್ಷದ ಪರೀಕ್ಷೆ, ಮನೆಯಲ್ಲಿ ಅಪ್ಪನ ಕೆಮ್ಮು, ತಮ್ಮಂದಿರ ಗದ್ದಲ. ನನಗೆ ಆ ಮೂಲೆ ಬೇಕಿತ್ತು. ಆಯಿ ಮೊದಲಿನಂತೆ ಕಾಲು ಮಡಚಿ ಜಾಗ ಬಿಟ್ಟರು, ಬಲ್ಬು ಹಾಕಿದರು. ಅವ್ವ ಗೋಡೆಯ ಈ ಕಡೆ, ನಾನು ಆ ಕಡೆ. ನನ್ನ ಪದವಿಯನ್ನು ಕಷ್ಟಪಟ್ಟು ಗಳಿಸಿದೆ ಎಂದು ಎಲ್ಲರಿಗೂ ಹೇಳುತ್ತೇನೆ, ಅದು ಸುಳ್ಳಲ್ಲ. ಅದರಲ್ಲಿ ಈ ಗೋಡೆ ದಾಟಿದ್ದೂ ಸೇರಿದೆ. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆಯಿ ನನ್ನೆದುರು ಒಂದು ದಿನವೂ ಅವ್ವನ ಬಗ್ಗೆ ಕೆಟ್ಟ ಮಾತು ಆಡಲಿಲ್ಲ. ಒಳ್ಳೆಯ ಮಾತೂ ಆಡಲಿಲ್ಲ. ಮೋತಿಯ ತಾಟು ಕಂಬದ ಹತ್ತಿರ ಬೋರಲಾಗಿ ಬಿದ್ದೇ ಇತ್ತು.

ಮರುವರ್ಷದ ಕ್ಷಮಾವಣಿ ಬಂತು. ಅಷ್ಟರಲ್ಲಿ ನನ್ನ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬರುವುದು ತಡವಾಗಿತ್ತು. ಆಯಿ ಬರಲಿಕ್ಕಿಲ್ಲ ಎಂದುಕೊಂಡಿದ್ದೆವು. ಬಂದರು. ಆ ಒಂದು ವರ್ಷದಲ್ಲಿ ಬಹಳ ಬಾಗಿದ್ದರು, ನಮ್ಮ ಹೊಸ್ತಿಲಿನ ಚೌಕಟ್ಟು ಹಿಡಿದು ನಿಂತರು. ಓಣಿಯಲ್ಲಿ ನಾಲ್ಕು ಜನ ನೋಡುತ್ತ ನಿಂತರು. ಆಯಿ ಕೈ ಮುಗಿದರು.

"ತಿಳದೋ ತಿಳೀದನೋ ನಿನ್ನ ಮನಸಿಗೆ ನೋವ ಮಾಡಿದ್ರ ಕ್ಷಮಾ ಮಾಡವಾ… ನಾನೂ ನಿನ್ನ ಕ್ಷಮಾ ಮಾಡೀನಿ. ಹೋದ ವರ್ಷದ್ದೆಲ್ಲಾ ಬಿಟ್ಟೀನಿ."

ಆಯಿಯ ಕಣ್ಣಲ್ಲಿ ನೀರಿತ್ತು. ಒಳಗಿನಿಂದ ಬಂದ ಮಾತದು, ತೋರಿಕೆಯದ್ದಲ್ಲ. ನನಗೆ ಸಮಾಧಾನವಾಯಿತು, ಇದು ಇಲ್ಲಿಗೆ ಮುಗಿಯುತ್ತದೆ, ಅವ್ವ ಕೈ ಮುಗಿದರೆ ಸಾಕು ಎಂದುಕೊಂಡೆ. ಅವ್ವ ಕೈ ಮುಗಿಯಲಿಲ್ಲ.

"ಆಯಿ, ನನ್ನ ಎದಕ್ಕ ಕ್ಷಮಾ ಮಾಡ್ತೀರಿ?"

"ಹೋಗ್ಲಿ ಬಿಡವಾ, ಆ ಮಾತ ಬ್ಯಾಡ."

"ಬ್ಯಾಡ ಹೆಂಗ್ರಿ? ನಾ ಮಾಡೀನಿ ಅಂದ್ರ ಕ್ಷಮಾ ಬೇಕು. ಮಾಡಿಲ್ಲ ಅಂದ್ರ ನಿಮ್ಮ ಕ್ಷಮಾ ತಗೊಂಡು ನಾ ಏನ್ ಮಾಡ್ಲಿ? ತಗೊಂಡ್ನೆಂದ್ರ ಮಾಡಿಧಂಗ ಆತು. ಬೈರಿ ಬೇಕಾದ್ರ, ನಿಂತು ಬೈಸ್ಕೋತೀನಿ. ಕ್ಷಮಾ ಮಾತ್ರ ಮಾಡಬ್ಯಾಡ್ರಿ."

ಆಯಿ ಕೈ ಇಳಿಸಿ, ಹೋದರು. "ಅಬಬಬ, ಸೊಕ್ಕ ನೋಡ್ರಿ," ಎಂದು ಯಾರೋ ಅಂದದ್ದು ಕೇಳಿಸಿತು. ನನಗೂ ಅದು ಸೊಕ್ಕು ಎಂದೇ ತೋರಿತು. ಪದವಿ ಮುಗಿಸುತ್ತಿದ್ದ ನನಗೆ ತಿಳಿಯದ್ದು ಹೆಬ್ಬೆಟ್ಟಿನ ನನ್ನ ಅವ್ವನಿಗೆ ತಿಳಿದಿತ್ತು. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಗಿಂತ ದೊಡ್ಡ ಶಿಕ್ಷೆ ಇಲ್ಲ.

ಆದರೂ ಆಯಿ ಬರುವುದನ್ನು ಬಿಡಲಿಲ್ಲ. ಆಮೇಲಿನ ಪ್ರತಿ ವರ್ಷವೂ ಅದೇ ದಿನ ನಮ್ಮ ಹೊಸ್ತಿಲಿಗೆ ಬಂದು ಕೈ ಮುಗಿದು, ಅದೇ ಮೊದಲ ಮಾತು ಹೇಳುತ್ತಿದ್ದರು, "ತಿಳದೋ ತಿಳೀದನೋ…" ಎರಡನೆಯ ಮಾತನ್ನು ಮತ್ತೆಂದೂ ಆಡಲಿಲ್ಲ. ಅವ್ವ ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದಳು, ನಿಲ್ಲುತ್ತಿದ್ದಳು, ಕ್ಷಮಾ ಮಾಡೀನಿ ಅನ್ನುತ್ತಿರಲಿಲ್ಲ.

ಪಾಸಾದ ಸುದ್ದಿ ಬಂದ ದಿನ ನಾನು ಬಸ್ಸಿಳಿದು ನೇರವಾಗಿ ಆಯಿಯ ಪಡಸಾಲೆಗೆ ಓಡಿದ್ದೆ. ಆಯಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಪೊರೆಗಣ್ಣನ್ನು ಹತ್ತಿರ ತಂದು ನೋಡಿ, ಕೇಳಿದರು.

"ಅವ್ವಗ ಹೇಳಿಯೇನು?"

"ಇಲ್ರಿ ಆಯಿ, ಮೊದಲ ಇಲ್ಲೇ ಬಂದೆ."

ಕೈ ಬಿಟ್ಟರು. "ಹೋಗು. ಮೊದಲ ಆಕಿಗಿ ಹೇಳು. ನಾ ಆಮ್ಯಾಲ."

ಸಕ್ಕರೆಯ ಡಬ್ಬಿ ತೆರೆಯಲೂ ಇಲ್ಲ. ನಾನು ಅವ್ವನಿಗೆ ಹೇಳಿ ಮತ್ತೆ ಬರುವತನಕ ಕಟ್ಟೆಯ ಮೇಲೆ ಕೂತೇ ಇದ್ದರು. ಇಂಥವರು ಅವರು… ಅವ್ವನನ್ನು ನಂಬಲಿಲ್ಲ, ಆದರೆ ಅವ್ವನ ಹಕ್ಕನ್ನು ನಾನೇ ಮರೆತಾಗ ಅವರು ಮರೆಯಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆಯಿ ಹಾಸಿಗೆ ಹಿಡಿದರು. ನಾನು ಬಿ.ಎಡ್. ಓದಲು ಬೇರೆ ಊರಿನಲ್ಲಿದ್ದೆ. ಅವ್ವ ತಾನಾಗಿಯೇ ಎದ್ದು, ವರ್ಷಗಳ ಮೇಲೆ ಆ ಕಟ್ಟೆ ಹತ್ತಿದಳಂತೆ. ಆಯಿ ಅವಳ ಕೈ ಹಿಡಿದುಕೊಂಡರಂತೆ.

"ಆಯಿ, ನಾ ಹಾಕಿಲ್ರಿ."

"ನೀ ಹಾಕಿಲ್ಲ ಅಂದ್ರ, ಯಾರ ಹಾಕಿದ್ರವಾ?"

"ನನಗ ಗೊತ್ತಿಲ್ರಿ."

ಅಷ್ಟೇ ಮಾತು. ಹತ್ತು ದಿನಕ್ಕೆ ಆಯಿ ಹೋದರು. ನಾನು ಬರುವುದರೊಳಗೆ ಎಲ್ಲ ಮುಗಿದಿತ್ತು. ಆಮೇಲೆ ನನಗೆ ನೌಕರಿ ಸಿಕ್ಕಿತು, ಅಪ್ಪ ತೀರಿದ ಮೇಲೆ ಅವ್ವನನ್ನು ಚಿಕ್ಕೋಡಿಗೆ ಕರೆತಂದೆ. ನಾಯಿಯ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಬರಲಿಲ್ಲ ಎಂದರೆ ಹೋಗಿತ್ತು ಎಂದಲ್ಲ.

ಹೋದ ವರ್ಷ ಮಗಳು ತನ್ನ ನಾಯಿಯನ್ನು ಎರಡು ತಿಂಗಳು ನಮ್ಮಲ್ಲಿ ಬಿಟ್ಟಿದ್ದಳು. ಅದಕ್ಕೆ ಚುಚ್ಚುಮದ್ದು ಹಾಕಿಸಲು ನಿಪ್ಪಾಣಿಯ ದವಾಖಾನೆಗೆ ಹೋದೆ. ಗೋಡೆಯ ಮೇಲೆ ಒಂದು ತಖ್ತೆ. ಮನೆಯಲ್ಲಿರುವ ಯಾವ ವಸ್ತು ನಾಯಿ ಬೆಕ್ಕಿಗೆ ವಿಷ ಎಂದು ಬರೆದಿತ್ತು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಾಕ್ಲೇಟು, ಚಹಾದ ಪುಡಿ, ಕಣಗಿಲೆ, ತಂಬಾಕು. ಮೊದಲ ಹೆಸರಲ್ಲೇ ನಿಂತುಬಿಟ್ಟೆ. ನಮ್ಮ ಮನೆಯ ಮುಸುರೆಯಲ್ಲಿ ದಿನವೂ ಉಳ್ಳಾಗಡ್ಡಿ ಇರುತ್ತಿತ್ತು. ಮೋತಿ ಹಿತ್ತಲಿಗೆ ಬರುತ್ತಿತ್ತು. ಹಾಗಾದರೆ ಅವ್ವನೇ, ತಿಳಿಯದೆ…? ಕಣ್ಣು ಕೆಳಗಿನ ಸಾಲಿಗೆ ಇಳಿಯಿತು. ದ್ರಾಕ್ಷಿ, ಒಣದ್ರಾಕ್ಷಿ.

ಡಾಕ್ಟರು ಮಗಳ ವಯಸ್ಸಿನ ಹುಡುಗಿ. ನನ್ನ ಸರದಿ ಬಂದಾಗ ನಮ್ಮ ನಾಯಿಯನ್ನು ಬಿಟ್ಟು ಮೋತಿಯ ಕಥೆ ಹೇಳಿದೆ.

"ಉಳ್ಳಾಗಡ್ಡಿ ಆಗಿದ್ರ ಒಸಡ ಬೆಳ್ಳಗಾಗಿ, ಮೂತ್ರ ಕೆಂಪಗ ಬರ್ತಿತ್ರಿ ಮೇಡಂ," ಎಂದಳು ಆಕೆ. "ವಾಂತಿ ಆದ ಮ್ಯಾಲ ಮೂತ್ರ ನಿಂತಿತ್ತೇನ್ರಿ?"

ಕಂಬದ ಹತ್ತಿರ ಕಾಲೆತ್ತಿ ನಿಂತ ಮೋತಿ ಕಣ್ಣೆದುರು ಬಂತು. "ಒಂದ್ ಹನೀನೂ ಇರ್ಲಿಲ್ಲ," ಎಂದೆ.

"ಅದಕ್ಕಿಂತ ಮೊದಲ ದ್ರಾಕ್ಷಿ, ಮಣೂಕ ಏನರೆ…"

ಬಟ್ಟಲಿನ ಅಳತೆಯನ್ನು ಎರಡೂ ಕೈಯಲ್ಲಿ ತೋರಿಸಿದೆ. ಆಕೆಗೆ ತಿಳಿಯಿತು. "ಇಷ್ಟ ವರ್ಷದ ಮ್ಯಾಲ ಖಾತ್ರಿ ಹೇಳಾಕ ಆಗೂದಿಲ್ರಿ. ಆದ್ರ ನೀವ ಹೇಳಿದ್ದೆಲ್ಲಾ ಅದಕ್ಕಽ ಹೊಂದತೈತಿ, ಕಿಡ್ನಿ ಹೋಗಿರ್ತಾವ. ಕೆಲವು ನಾಯಿ ತಿಂದೂ ಆರಾಮ ಇರ್ತಾವ, ಕೆಲವು ಸ್ವಲ್ಪಕ್ಕಽ ಹೋಗ್ತಾವ. ಆವಾಗ ಇದು ಯಾರಿಗೂ ಗೊತ್ತಿರ್ಲಿಲ್ರಿ, ನಮಗ ಕಲಿಸಿದವರಿಗೂ ಗೊತ್ತಿರ್ಲಿಲ್ಲ."

ಕಣಗಿಲೆಯ ಒಂದೆಲೆಯನ್ನೂ ನೆಲಕ್ಕೆ ಬಿಡದ ಆಯಿ. ನೀರಿನ ಹುಳುವನ್ನು ಬಾವಿಗೆ ಮರಳಿ ಬಿಡುತ್ತಿದ್ದ ಆಯಿ. ಎಲ್ಲರ ಅಂಗಳದ ವಿಷ ಬಲ್ಲವರಿಗೆ ತಮ್ಮ ಅಂಗೈಯಲ್ಲಿದ್ದದ್ದು ತಿಳಿಯಲಿಲ್ಲ. ಬಟ್ಟಲಲ್ಲಿ ಉಳಿದದ್ದನ್ನು ಸುರಿದವಳು ನಾನು. ಒಂದು ಹಿಡಿ ಅಂದಲ್ಲಿ ಮೂರು ಹಿಡಿ ನೆನೆಸಿದವಳೂ ನಾನು.

ಮನೆಗೆ ಬಂದಾಗ ಅವ್ವ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತು, ಅಥಣಿಯಿಂದ ಬಂದ ಇದೇ ಒಣದ್ರಾಕ್ಷಿಯನ್ನು ಆರಿಸುತ್ತಿದ್ದಳು. ಆರಿಸುವ ಅಗತ್ಯವೇ ಇರಲಿಲ್ಲ, ಕೈಗೆ ಹಳೆಯ ರೂಢಿ. ಎದುರು ಕೂತು ಎಲ್ಲ ಹೇಳಿದೆ. ಡಾಕ್ಟರು ಕೇಳಿದ್ದು, ನಾನು ಹೇಳಿದ್ದು, ಬಟ್ಟಲು, ಮೂರು ಹಿಡಿ. ಅವ್ವನ ಬೆರಳು ಕಾಳಿನ ಮೇಲೆಯೇ ನಿಂತವು. ಓಣಿಗೆ ಹೋಗಿ ಎಲ್ಲರಿಗೂ ಹೇಳು ಅನ್ನುತ್ತಾಳೆ, ಅಳುತ್ತಾಳೆ, ಇಲ್ಲವೆ ನನ್ನನ್ನು ಬೈಯುತ್ತಾಳೆ ಎಂದು ಕಾದೆ.

"ಆಯಿ ಮೊದಲ ಹೋಗಿದ್ದು ಚೊಲೊ ಆತು," ಅಂದಳು. "ಇದನ್ನ ಕೇಳಿದ್ರ ಆ ಜೀವ ತಡಕೋತಿದ್ದಿಲ್ಲ."

ಕಾಳು ಹಿಡಿದ ಕೈಗಳನ್ನೇ ಜೋಡಿಸಿ, ಎದುರಿನ ಬಾಗಿಲಿನ ಕಡೆ ಮುಗಿದಳು. ಅಲ್ಲಿ ಯಾರೂ ಇರಲಿಲ್ಲ.

"ಕ್ಷಮಾ ಮಾಡೀನ್ರಿ ಆಯಿ. ತಿಳದೋ ತಿಳೀದನೋ ಅಂತ ವರ್ಷಾ ಬಂದ ಕೇಳಿದ್ರಿ. ನಾನಽ ತಡಾ ಮಾಡಿದ್ನಿ."

ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. "ಆಯಿ ಪ್ರತಿ ವರ್ಷಾ ಕೇಳಿದ್ರು. ನೀ ಒಂದ್ ದಿನಾನೂ ಕೇಳ್ಲಿಲ್ಲ ನೋಡ."

ಅಂದರೆ ರೊಟ್ಟಿ ಬಡಿಯುವಾಗಿನ ನನ್ನ ಆ ಉತ್ತರ ಇಷ್ಟು ವರ್ಷ ಅವಳ ಹತ್ತಿರವೇ ಇತ್ತು. ಮಕ್ಕಳಿಗೆ ವಾಕ್ಯ ಕಟ್ಟುವುದನ್ನು ಕಲಿಸುತ್ತ ವಯಸ್ಸು ಕಳೆದ ನನಗೆ ಅಂದು ಒಂದು ವಾಕ್ಯ ಕೂಡಲಿಲ್ಲ. ಕೈ ಮುಗಿದೆ. ಬಾಯಿಗೆ ಬಂದದ್ದು ಆಯಿಯ ಮಾತೇ, "ತಿಳದೋ…" ಎಂದು ಶುರು ಮಾಡಿ ನಿಲ್ಲಿಸಿದೆ. ನನ್ನದು ತಿಳಿಯದೆ ಮಾಡಿದ್ದಲ್ಲ. "ತಪ್ಪಾತು ಅವ್ವ," ಎಂದಷ್ಟೇ ಹೇಳಿದೆ.

"ಆತೇಳು," ಅಂದಳು. "ಮೊದಲ ಈ ಮಣೂಕದ ಡಬ್ಬಿ ಮ್ಯಾಲ ಎತ್ತಿಡು. ನಾಯಿ ಬಂದೀತು."

ಸ್ಟೂಲ್ ಹತ್ತಿ ಇಟ್ಟೆ. "ಇನ್ನೂ ಮ್ಯಾಲ," ಅಂದಳು. ಎಲ್ಲಕ್ಕಿಂತ ಮೇಲಿನ ಹಲಗೆಗೆ ಇಟ್ಟೆ.

ಅವ್ವ ಹೋಗಿ ಈಗ ಎಂಟು ತಿಂಗಳು. ನಾಯಿಯೂ ಮಗಳ ಜೊತೆ ತಿರುಗಿ ಹೋಗಿದೆ. ಊರಿನಲ್ಲಿ ಆಯಿಯ ಪಡಸಾಲೆ ಇದ್ದಲ್ಲಿ ಈಗ ಗೊಬ್ಬರದ ಅಂಗಡಿ, ಬೇವು ಮಾತ್ರ ಉಳಿದಿದೆ. ಓಣಿಗೆ ಹೋಗಿ ಸತ್ಯ ಹೇಳೋಣವೆಂದರೆ ನಳದ ಹತ್ತಿರ ನಕ್ಕವರಲ್ಲಿ ಒಬ್ಬರೂ ಇಲ್ಲ. ಹೇಳುವುದು ಅವ್ವನಿಗೂ ಬೇಕಿರಲಿಲ್ಲ. ಅದಕ್ಕೇ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ, ನಾಯಿಯ ಹೆಸರನ್ನು ಬಿಟ್ಟು.

ಡಬ್ಬಿಯಲ್ಲಿದ್ದದ್ದನ್ನು ಹೊರಗೆ ಎಸೆಯಲು ಮನಸ್ಸಾಗಲಿಲ್ಲ, ಬೀದಿಯಲ್ಲಿ ನಾಯಿಗಳಿವೆ. ಹಿತ್ತಲಲ್ಲಿ ಮೊಣಕೈ ಆಳದ ಗುಂಡಿ ತೋಡಿ, ಅದರಲ್ಲಿ ಸುರಿದು, ಮಣ್ಣು ಮುಚ್ಚಿ, ಮೇಲೊಂದು ಕಲ್ಲು ಇಟ್ಟೆ. ಆಯಿ ಕಣಗಿಲೆಯ ಎಲೆಗಳನ್ನು ಹೀಗೆಯೇ ಹುಗಿಸುತ್ತಿದ್ದರು…